ಇದ್ದೂ ಇಲ್ಲದ ಟವರ್

ಬೋಳುಗುಡ್ಡದ ಮೇಲೆ ಒಂದು ಮೊಬೈಲ್ ಟವರ್ ಇತ್ತು. ಕಂಪನಿಗಳೆಲ್ಲ ನಾ ಮುಂದು ತಾ ಮುಂದು ಎಂದು ಫೋನಿನ ಮಾತನ್ನು ಪುಕ್ಕಟೆ ಹಂಚಲು ಹೋಗಿ, ಈ ಟವರಿನ ಕಂಪನಿ ಬಾಗಿಲು ಮುಚ್ಚಿತ್ತು. ಕರೆಂಟು ತೆಗೆದರು, ಕಂಬ ಹಾಗೇ ಉಳಿಯಿತು.

ಒಂದು ದಿನ ಬಳೆ ಮಾರುವ ನೀಲವ್ವ ಅದರ ಬುಡದಲ್ಲೇ ನಿಂತು, ದನಿ ಕಡಿದು ಕಡಿದು ಬರುತ್ತಿದ್ದ ಫೋನಿನಲ್ಲಿ ಕೂಗಿದಳು: "ಇಲ್ಲಿ ಟವರ್ ಇಲ್ಲವ್ವ, ಮುಂದೆ ಹೋಗಿ ಮಾತಾಡ್ತೀನಿ."

ಟವರಿಗೆ ಆ ಮಾತು ನಾಟಿತು. ತುದಿಯಲ್ಲಿ ಗೂಡು ಕಟ್ಟುತ್ತಿದ್ದ ಕಾಗೆಯನ್ನು ಕೇಳಿತು: "ಕಾಗಕ್ಕ, ಇಷ್ಟೆತ್ತರ ನಿಂತಿದ್ದೇನೆ. ಆದರೂ ನಾನು ಇಲ್ಲವೇ?"

"ಅವಳು ಹೇಳಿದ್ದು ಸಿಗ್ನಲ್ಲಿಗೆ," ಎಂದಿತು ಕಾಗೆ.

"ಸಿಗ್ನಲ್ ಇದ್ದಾಗ ನಿನ್ನ ಗೂಡನ್ನು ಅಡ್ಡಿಯೆಂದು ಕೀಳಿಸಿದವನು ನಾನು. ಈಗ ಯಾವ ಕೆಲಸಕ್ಕೂ ಬಾರದವನ ಮೇಲೆ ಯಾಕೆ ಕಟ್ಟುತ್ತೀಯೆ?"

ಕಾಗೆ ಇನ್ನೊಂದು ಕಡ್ಡಿ ತರಲು ಹಾರಿಹೋಯಿತು.

ಕೆಲವು ವಾರಗಳಲ್ಲಿ ಗೂಡಿನಲ್ಲಿ ಮರಿಗಳಾಗಿ, ಅವುಗಳ ರೆಕ್ಕೆಗಳು ಬಲಿತವು. ಮೊದಲ ಸಲ ಗೂಡು ಬಿಡಬೇಕಾದ ಮರಿ ಅಂಚಿನಲ್ಲಿ ನಡುಗುತ್ತ, "ದಾರಿ ತಪ್ಪಿದರೆ ಏನು ಮಾಡಲಿ, ಅವ್ವಾ?" ಎಂದಿತು.

"ತಲೆಯೆತ್ತಿ ನೋಡು," ಎಂದಿತು ಕಾಗೆ. "ಎಷ್ಟು ದೂರ ಹೋದರೂ ನಮಗೆ ಟವರ್ ಇದೆ."

ಅಂದು ಗುಡ್ಡದ ಮೇಲೆ ಜೋರು ಗಾಳಿಯಿತ್ತು. ಹಾರಿಹೋದ ಮರಿ ಮರಳುವ ತನಕ ಟವರ್ ಅಲುಗಾಡಲಿಲ್ಲ.