ದಿಬ್ಬದಲ್ಲಿ ನಿಂತ ನೀರು

ಬೆಟ್ಟದ ಇಳಿಜಾರಿನಲ್ಲಿ ಕೆಂಚೇಗೌಡನಿಗೆ ಮೂರು ಪಟ್ಟಿ ಹೊಲವಿತ್ತು. ಮೇಲೆ ಬಂಡೆಯ ಸಂದಿಯಲ್ಲಿ ಒಂದು ಒರತೆ. ಕಡುಬೇಸಿಗೆಯಲ್ಲೂ ಬತ್ತದ ಆ ಒರತೆಯೇ ಹಟ್ಟಿಯ ಹನ್ನೆರಡು ಮನೆಗೂ ಕುಡಿಯುವ ನೀರು. ಅದರ ಬಾಯಿಗೆ ಕಬ್ಬಿಣ ತಾಗಿಸಬಾರದೆಂದು ಹಿರಿಯರು ಕಟ್ಟಳೆ ಮಾಡಿದ್ದರು.

ಆ ವರ್ಷ ಬೇಸಿಗೆ ಬೇಗ ಕಾಲಿಟ್ಟಿತು. ಕೆಂಚೇಗೌಡನ ಬದನೆ ಸಸಿಗಳು ಬಾಡತೊಡಗಿದವು. ಮಿಕ್ಕು ಹರಿಯುವ ನೀರನ್ನು ಒಯ್ದುಕೋ ಎಂದು ಹಟ್ಟಿಯವರು ಒಪ್ಪಿದರು. ಅವನು ಪ್ಲಾಸ್ಟಿಕ್ ಪೈಪು ತಂದು, ಒರತೆಗೂ ಹೊಲಕ್ಕೂ ನಡುವೆ ಇದ್ದ, ಒರತೆಗಿಂತ ತಗ್ಗಿನ ದಿಬ್ಬವನ್ನು ಬಳಸಿಕೊಂಡು ಇಳಿಸದೆ, ಅದರ ಮೇಲೆಯೇ ನೆಟ್ಟಗೆ ಎಳೆದ. ಆತುರದ ಮನುಷ್ಯ, ಏನು ಮಾಡುವುದು! ತುದಿಯಲ್ಲಿ ನೀರು ಸ್ವಲ್ಪ ಹೊತ್ತು ತೊಟ್ಟಿಕ್ಕಿತು. ಆಮೇಲೆ ಅದೂ ನಿಂತಿತು.

ಎರಡು ದಿನ ಕಾದ. ಮೂರನೆಯ ಬೆಳಗ್ಗೆ ಹಾರೆಯನ್ನು ಹೆಗಲಿಗೇರಿಸಿದ. "ಒರತೆ ಬಾಯಿ ಚಿಕ್ಕದಾಯ್ತು. ಬಂಡೆ ಮೀಟಿ ಅಗಲ ಮಾಡ್ತೀನಿ!"

ಮೂಟೆ ಹೊಲಿಯುತ್ತ ಕೂತಿದ್ದ ಅವನ ಅತ್ತೆ ದುಂಡಮ್ಮ ಗಾಬರಿಯಿಂದ ಎದ್ದು ಬಂದಳು.

"ಅಳಿಯಂದ್ರೇ, ಬಂಡೆ ಒಡದ್ರೆ ನೀರು ಯಾವ ಸಂದಿಗೋ ಇಳ್ದು ಹೋಯ್ತದೆ. ಹಟ್ಟಿಗೇ ನೀರಿಲ್ದಂಗಾಯ್ತದೆ. ಒಂದ್ಗಳಿಗೆ ತಡೀರಿ."

"ಸಸಿ ತಡೀತವಾ ಅತ್ತೆ?"

ದುಂಡಮ್ಮ ಪೈಪನ್ನು ಅಲ್ಲಲ್ಲಿ ಎತ್ತಿ ನೋಡುತ್ತ ನಡೆದಳು. ದಿಬ್ಬದಿಂದ ಒರತೆಯ ಕಡೆಗೆ ಅದು ಭಾರವಾಗಿತ್ತು, ಹೊಲದ ಕಡೆಗೆ ಹಗುರ.

"ನೀರು ಇಲ್ಲೀಗಂಟ ಬಂದದೆ. ದಿಬ್ಬದ ನೆತ್ತೀಲಿ ಗಾಳಿ ಕೂತ್ಕಂಡು ದಾರಿ ಬಿಡ್ತಿಲ್ಲ" ಎಂದು, ಮೂಟೆ ಹೊಲಿಯುವ ದಬ್ಬಳದಿಂದ ಅಲ್ಲೇ ಪೈಪಿಗೆ ಚುಚ್ಚಿದಳು.

ಬುಸ್ಸೆಂದು ಗಾಳಿ ಹೊರಟಿತು. ಕಡೆಗೆ ಆ ತೂತಿನಿಂದ ನೀರಿನ ಎಳೆ ಚಿಮ್ಮಿತು. ದುಂಡಮ್ಮ ಚೂಪು ಕಡ್ಡಿಯೊಂದನ್ನು ಬೆಣೆಯಾಗಿ ತುರುಕಿದಳು. ಕೆಳಗೆ ಪೈಪು ಒಮ್ಮೆ ಕೆಮ್ಮಿ, ಬಾಯ್ತುಂಬ ನೀರು ಸುರಿಯತೊಡಗಿತು.

ಕೆಂಚೇಗೌಡ ಓಡಿಹೋಗಿ ಕೈಯೊಡ್ಡಿದ. ಎತ್ತುವವರಿಲ್ಲ, ತಳ್ಳುವವರಿಲ್ಲ, ಮೋಟಾರಿಲ್ಲ. ಅಷ್ಟು ದೂರದ ಬಂಡೆಯಿಂದ ದಿಬ್ಬ ಹತ್ತಿ ಇಳಿದು ನೀರು ತಾನಾಗಿಯೇ ಬಂದಿತ್ತು. ಅವನ ಮೈ ಜುಮ್ಮೆಂದಿತು. ಇಂಥದ್ದರ ಬಾಯಿಗೆ ಹಾರೆ ಹಾಕಲು ಹೊರಟಿದ್ದೆನಲ್ಲ ಎಂದುಕೊಂಡ.

"ಅತ್ತೆ, ಇದ್ಕೆ ಇಷ್ಟು ಬಲ ಎಲ್ಲಿಂದ ಬತ್ತದೆ?"

"ಮ್ಯಾಲಿಂದ ಕೆಳಕ್ಕೆ ಇಳಿಯೋದೇ ಅದರ ಬಲ, ಅಳಿಯಂದ್ರೇ. ನಾವು ಕೊಡಬೇಕಾದ್ದು ದಾರಿ ಮಾತ್ರ."

ಅವನು ಮಂಡಿಯೂರಿ, ಸಸಿಗಳ ಬುಡಕ್ಕೆ ಕೈಯಿಂದಲೇ ಕಾಲುವೆ ತೋಡತೊಡಗಿದ.

ನೀತಿ: ಕೆಲಸ ಕೆಟ್ಟಾಗ ಮೂಲಕ್ಕೆ ಕೈಹಾಕುವ ಮುನ್ನ ಅಡ್ಡಿ ಎಲ್ಲಿದೆಯೆಂದು ಹುಡುಕಬೇಕು. ದಬ್ಬಳದ ಮೊನೆ ಸಾಕಾಗುವಲ್ಲಿ ಹಾರೆ ಎತ್ತಿದವನು ತನ್ನ ನೀರಿನ ಜೊತೆಗೆ ಊರಿನ ನೀರನ್ನೂ ಕಳೆಯುತ್ತಾನೆ.