ಹೊತ್ತು ಮುಳುಗುವ ಮೊದಲು

“ಟೀಚರ್, ಕೋಪ ಇಟ್ಟುಕೊಂಡವರು ದೇವರ ಮಾತು ಮೀರಿದ ಹಾಗೆಯೇ ಅಲ್ಲವೇ?” ಎಂದು ಆಲ್ಬನ್ ಕೇಳಿದ. ಅವನಿಗೆ ಧರ್ಮೋಪದೇಶ ಕಲಿಸಿದವಳು ನಾನು. ಜ್ಞಾನಸ್ನಾನದ ದಿನ ಅವನನ್ನು ಎತ್ತಿ ಹಿಡಿದ ಜ್ಞಾನಮಾತೆಯೂ ನಾನೇ.

ಉತ್ತರಕ್ಕೆ ಮೊದಲು, ಅವನು ಯಾರ ಮನೆಯಲ್ಲಿ ಕುಳಿತಿದ್ದಾನೆಂದು ನೆನಪಿಸಿದೆ. ನಮ್ಮ ದೇವಾಲಯಕ್ಕೆ ಹುಲ್ಲಿನ ಮಾಡು ಇದ್ದ ಕಾಲದಿಂದ ಪೀಠದ ಬಟ್ಟೆ ಒಗೆದು ಗಂಜಿ ಹಾಕುವ ಕೆಲಸ ನಮ್ಮ ಮನೆಯ ಹೆಂಗಸರದು. ಅಜ್ಜಿಯಿಂದ ಅದು ಅಮ್ಮನ ಕೈಗೆ ಬಂತು, ಅಮ್ಮನಿಂದ ನನ್ನ ಕೈಗೆ. ಯಾವ ಪಾದ್ರಿಗಳೂ ಆ ಬಟ್ಟೆಯಲ್ಲಿ ಒಂದು ಕಲೆಯನ್ನೂ ಬೆರಳಿಟ್ಟು ತೋರಿಸಿದ್ದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸುವಾರ್ತೆಯ ಸಾಲನ್ನು ಅರ್ಧಕ್ಕೆ ಬಿಟ್ಟರೆ ಸಿಸ್ಟರ್ ಅಂಗೈ ಚಾಚಲು ಹೇಳುತ್ತಿದ್ದರು.

ಅಂಥ ಮನೆಯ ಮೇಲೆ ಆಲ್ಬನ್ ದೇವಾಲಯದ ಅಂಗಳದಲ್ಲಿ ನಿಂತು ಒಂದು ಮಾತು ಆಡಿದ್ದ. ಪೀಠದ ಬಟ್ಟೆಯ ಹಳೆಯ ಲೇಸು ಕಳವಾಗಿ ನನ್ನ ತಾಯಿಯ ಪೆಟ್ಟಿಗೆಗೆ ಸೇರಿತು ಎಂದು ಅವನು ಹೇಳಿದ್ದ. ಕೇಳಿದವರು ನಕ್ಕಿದ್ದರು. ಆಮೇಲೆ ಆ ಲೇಸು ದೇವಾಲಯದ ಪೂಜಾವಸ್ತ್ರಗಳ ಕಪಾಟಿನಲ್ಲೇ ಸಿಕ್ಕಿತು. ಅದು ಅವನಿಗೂ ಗೊತ್ತಾಯಿತು. ಅವನು ಆ ಸುದ್ದಿಯನ್ನೇ ಎತ್ತಲಿಲ್ಲ. ಈಗ ಅವನ ಮದುವೆ. ಹಿಂದಿನ ದಿನ ಮದುಮಗನಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ ಜ್ಞಾನಮಾತೆಯ ಕೈ ಬೇಕು. ಅದಕ್ಕಾಗಿ ಕರೆಯಲು ಬಂದಿದ್ದ. ನಾನು ಬರುವುದಿಲ್ಲ ಎಂದೆ. ಆಗಲೇ ಈ ಪ್ರಶ್ನೆ ಹುಟ್ಟಿತು.

ನಾನು ಒಂದು ಕತೆ ಹೇಳಿದೆ.

ಒಬ್ಬ ರೈತನಿದ್ದ. ಅವನಿಗೆ ಒಬ್ಬಳು ತಂಗಿ. ಮುಪ್ಪಿನ ತಾಯಿಯನ್ನು ಕೊನೆಯವರೆಗೆ ನೋಡಿಕೊಂಡವಳು ತಂಗಿ. ತಾಯಿ ತೀರಿದ ಮೇಲೆ ರೈತ ನಾಲ್ಕು ಜನರ ಮುಂದೆ, ಇವಳು ಪಾದ್ರಿಗಳನ್ನು ಕರೆಸದೆ ಅಮ್ಮನನ್ನು ಸಾಯಲು ಬಿಟ್ಟಳು ಎಂದ. ಆಗ ಪರ ಊರಿಗೆ ಹೋಗಿದ್ದ ಪಾದ್ರಿಗಳು ಮರಳಿದ ಮೇಲೆ, ತಾಯಿ ಸಾಯುವ ಮೊದಲು ತಾವೇ ಬಂದು ಪವಿತ್ರ ತೈಲ ಹಚ್ಚಿದ್ದಾಗಿ ತಿಳಿಸಿದರು. ರೈತ ತಲೆಯಾಡಿಸಿ ಸುಮ್ಮನಾದ.

ತೆನೆ ಹಬ್ಬ ಬಂತು. ರೈತ ಹೊಸ ತೆನೆಯನ್ನು ಪೀಠದ ಮುಂದಿಟ್ಟು ಆಶೀರ್ವಾದ ಪಡೆದು ಮನೆಗೆ ತಂದ. ಭತ್ತ ಸುಲಿದು, ಅಕ್ಕಿ ಅರೆದು, ಹಾಲಿಗೆ ಬೆರೆಸಿದರು. ಮನೆಯವರೆಲ್ಲ ಕೂಡಿ ಕುಳಿತು ಅದನ್ನು ಕುಡಿದ ಮೇಲೆಯೇ ಊಟ. ಒಬ್ಬರು ಕೈ ಒಡ್ಡದಿದ್ದರೂ ಉಳಿದವರು ಮುಟ್ಟುವಂತಿಲ್ಲ. ತಂಗಿ ಬಂದಳು, ಸಾಲಿನಲ್ಲಿ ಕುಳಿತಳು. ಕೈ ಮಾತ್ರ ಒಡ್ಡಲಿಲ್ಲ.

ಎಲೆಯ ಮೇಲಿನ ಅನ್ನ ಆರಿತು. ಮಕ್ಕಳು ಅತ್ತವು. ಹಾಲು ಒಡೆದರೆ ನಿನ್ನ ಮೂಗಿನ ತುದಿಯ ಕೋಪವನ್ನೇ ಎಲ್ಲರಿಗೂ ಬಡಿಸುತ್ತೀಯೋ ಎಂದು ಚಿಕ್ಕಮ್ಮ ಚುಚ್ಚಿದಳು. ತಂಗಿ ಎದ್ದು, ಪಡುವಣ ಜಗಲಿಗೆ ಹೋಗಿ, ಬಿಸಿಲಿಗೆ ಮುಖ ಮಾಡಿ ಕುಳಿತಳು.

ರೈತ ಬಟ್ಟಲು ಹಿಡಿದು ಹಿಂದೆಯೇ ಬಂದ. “ಹೊತ್ತು ಮುಳುಗುವ ಮೊದಲು ಕೋಪ ತೀರಲಿ ಅಂತ ದೇವರ ವಾಕ್ಯ ಇದೆ. ದೇವರಿಗಿಂತ ನೀನು ದೊಡ್ಡವಳೋ?”

ತಂಗಿ ಹೇಳಿದಳು: “ಹೊತ್ತು ಇನ್ನೂ ಮುಳುಗಿಲ್ಲ, ಅಣ್ಣ. ಅದಕ್ಕೇ ಇಲ್ಲಿ ಕುಳಿತು ಕಾಯುತ್ತಿದ್ದೇನೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊ ಎಂದು ಪ್ರಭು ಹೇಳಿದ್ದು ನೊಂದವಳಿಗಲ್ಲ, ನೋಯಿಸಿದವನಿಗೆ. ನೀನು ತೆನೆ ಇಟ್ಟೆ. ಅಲ್ಲಿಂದ ನನ್ನ ಬಾಗಿಲಿಗೆ ಬರಲಿಲ್ಲ. ನಮ್ಮಿಬ್ಬರಲ್ಲಿ ಮಾತು ಮೀರಿದವರು ಯಾರು?”

ಸೂರ್ಯ ತೆಂಗಿನ ತಲೆಗಳ ಕೆಳಗೆ ಇಳಿದಿದ್ದ. ರೈತ ಬಟ್ಟಲು ಹಿಡಿದು ನಿಂತೇ ಇದ್ದ.

ಅಲ್ಲಿಗೆ ನಾನು ನಿಲ್ಲಿಸಿದೆ.

ಆಲ್ಬನ್ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದ. ದೇವರ ಮಾತನ್ನು ನಾನು ಅವನಿಗೆ ಪೂರ್ತಿಯಾಗಿಯೇ ಕಲಿಸಿದ್ದೆ. ಅವನು ಕೋಪ ಬಿಡುವ ಅರ್ಧವನ್ನು ಮಾತ್ರ ಉಳಿಸಿಕೊಂಡಿದ್ದ. ದೇವರು ಎಲ್ಲವನ್ನೂ ಕ್ಷಮಿಸುತ್ತಾನೆ, ಮನುಷ್ಯರಿಗೇಕೆ ಇಷ್ಟು ಬಿಗುಮಾನ ಎಂದು ಗೊಣಗಿದ. ದೇವರ ಹತ್ತಿರವೂ ಪಾಪನಿವೇದನೆಯ ಪೀಠದಲ್ಲಿ ಮೊಣಕಾಲೂರಿ, ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು ಎಂದು ನಾನು ತಿಳಿಸಿದೆ. ಆಮೇಲೆ ಅವನು, ಆ ರೈತ ಕೊನೆಗೆ ಏನು ಮಾಡಿದ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದ.

“ಅವನದು ಅವನಿಗಿರಲಿ. ನಾಳೆ ಪೂಜೆ ಮುಗಿದ ಮೇಲೆ, ಅದೇ ಅಂಗಳದಲ್ಲಿ, ಅಂದು ನಕ್ಕವರೆಲ್ಲರಿಗೂ ಕೇಳಿಸುವಂತೆ, ನನ್ನ ತಾಯಿಯ ಹೆಸರು ಹೇಳಿ ನೀನು ಕ್ಷಮೆ ಯಾಚಿಸು.”