ಹೊತ್ತು ಮುಳುಗಿದ ಮೇಲೂ ಇಳಿಯದ ವೇಷ

“ಕೇಳ್ರಪ್ಪೋ ಕೇಳಿ! ಬಾಣಗಿರಿಯ ಸರ್ಜಪ್ಪನಾಯಕ ದೊರೆಗಳ ಅಪ್ಪಣೆ! ಮೂರು ಒಗಟು ಬಿಡಿಸಿದವನು ಕೇಳಿದ್ದನ್ನು ದೊರೆ ಕೊಡುತ್ತಾರೆ. ತಪ್ಪು ಹೇಳಿದವನ ತಲೆ ಕೋಟೆ ಬಾಗಿಲಲ್ಲಿ ಉರುಳುತ್ತದೆ!”

ಕ್ರಿಸ್‌ಮಸ್ ಹಬ್ಬ ಹತ್ತಿರ ಬಂದಾಗ ಈ ಡಂಗುರ ಇಗರ್ಜಿ ಬೀದಿಯಲ್ಲೂ ಕೇಳಿಸಿತು. ಬೀದಿಯವರು ಮುಖ ಮುಖ ನೋಡಿಕೊಂಡು ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು.

ಹೋದ ವರ್ಷ ಹಬ್ಬದ ಹಿಂದಿನ ಸಂಜೆ, ಇಗರ್ಜಿಯ ಅಂಗಳದಲ್ಲಿ ಬಾಲಯೇಸುವಿಗೆಂದು ಕಟ್ಟಿದ ಗೋದಲಿಯ ಹುಲ್ಲಿನ ಮೇಲೆ ದೊರೆಯ ಒಬ್ಬಳೇ ಮಗಳು ಹೊನ್ನಾಜಿ ಸತ್ತಿದ್ದಳು. ನೇಕಾರನೊಬ್ಬನ ಕೈಹಿಡಿದು ಹೋದವಳು, ಗಂಡ ತೀರಿಕೊಂಡ ಮೇಲೆ ಸುಡುವ ಜ್ವರದಲ್ಲಿ ತವರಿಗೆ ಬಂದಿದ್ದಳು. “ಜಾತಿ ಬಿಟ್ಟವಳಿಗೆ ಬಾಗಿಲಿಲ್ಲ” ಎಂದು ದೊರೆ ಒಳಗಿನಿಂದಲೇ ಹೇಳಿಸಿದ್ದ. ಹೆಣದ ಮೇಲೆ ಯಾರೋ ಒಂದು ನಿಲುವಂಗಿ ಹೊದಿಸಿದ್ದರು. ಹೊದಿಸಿದವನು ಯಾರೆಂದು ದೊರೆಗೆ ಈಗ ತಿಳಿಯಬೇಕಾಗಿತ್ತು.

ಬರಿಗಾಲಲ್ಲಿ ಬೀದಿಗಿಳಿದು ಕೇಳಿದ್ದರೆ ಒಂದೇ ಮಾತಿಗೆ ತಿಳಿಯುತ್ತಿತ್ತು. ಅವನು ಈಟಿಯವರನ್ನು ಕಳಿಸಿದ. ಈಟಿಗೆ ಯಾರು ಬಾಯಿ ಬಿಡುತ್ತಾರೆ? ಆಮೇಲೆ ಬಹುಮಾನ ಇಟ್ಟ. ಬಹುಮಾನಕ್ಕೆ ಸುಳ್ಳುಗಾರರು ಮುತ್ತುತ್ತಾರೆಂದು ತಲೆಯ ಪಣ ಇಟ್ಟ. ಅಳುವುದಕ್ಕೂ ಇನ್ನೊಬ್ಬರ ಕತ್ತೇ ಬೇಕು, ದೊರೆಗಳ ದುಃಖ ಅಂಥದ್ದು.

ದೊರೆಯ ಮೊದಲ ಒಗಟು ಇದು: “ಚಿನ್ನದ ಹಾಗೆ ಹೊಳೆಯುತ್ತದೆ, ಚಿನ್ನವಲ್ಲ. ದೊರೆಯದು ಅನ್ನಿಸುತ್ತದೆ, ಯಾವ ದೊರೆಯೂ ತೊಟ್ಟಿಲ್ಲ. ಏನದು?”

“ಕೀರ್ತಿ, ಮಹಾಪ್ರಭು!” ಎಂದ ಒಬ್ಬ ಪಂಡಿತ. ಅವನ ತಲೆ ಹೋಯಿತು.

“ವೇಷದವರ ಅಂಗಿ,” ಎಂದ ಜವಳಿ ವರ್ತಕನ ಮಗ. ಅವನಿಗೆ ಎರಡನೆಯದು ಬಂತು: “ಆರು ದಿನ ದುಡಿದವನು ಏಳನೆಯ ದಿನ ಕೂಲಿ ಕೇಳದೆ ಊರು ಬಿಟ್ಟ. ಯಾಕೆ?”

“ಏನೋ ಕದ್ದಿರಬೇಕು, ಅದಕ್ಕೇ ಓಡಿದ!” ಎಂದು ನಕ್ಕ. ಆ ನಗುವೂ ಕೋಟೆ ಬಾಗಿಲಲ್ಲಿ ಉರುಳಿತು.

ಹಬ್ಬದ ಹಿಂದಿನ ದಿನ ಕುಂಬಾರರ ತಿಪ್ಪೇಶ ಬಹುಮಾನದ ಆಸೆಗೆ ಹೋಗಿ, ಮೊದಲ ಒಗಟಿಗೇ “ಬಿಸಿಲು” ಎಂದುಬಿಟ್ಟ. ಅವನ ಕೈ ಕಟ್ಟಿದರು. ಕೋಟೆ ಬಾಗಿಲಲ್ಲಿ ಅವನ ತಾಯಿ ಗಂಗವ್ವ ಎದೆ ಬಡಿದುಕೊಂಡು ಅತ್ತಳು.

ಆ ಅಳು ಗೋದಲಿಗೆ ಹುಲ್ಲು ಹೊರುತ್ತಿದ್ದ ಸವರಿಯ ಕಿವಿಗೆ ಬಿತ್ತು. ಸವರಿ ಹಗಲುವೇಷದವನು. ಹಗಲೆಲ್ಲ ಬಣ್ಣ ಬಳಿದುಕೊಂಡು ಬೀದಿಯಲ್ಲಿ ಆಡಿ ಬದುಕುವವನು. ಈ ವರ್ಷವೂ ಹಬ್ಬಕ್ಕೆ ಊರಿಗೆ ಬಂದಿದ್ದ, ಆದರೆ ವೇಷವಿರಲಿಲ್ಲ. ಹುಲ್ಲಿನ ಹೊರೆ ಇಳಿಸಿ ನಡೆದ.

“ಏನೋ ಬಣ್ಣದವನೇ,” ಎಂದ ಕಾವಲಿನವನು, “ಇವತ್ತು ತಲೆಯಿಲ್ಲದ ರಾಯನ ವೇಷವೋ?”

“ಹೂಂ ಅಣ್ಣಾ, ಅದೊಂದು ಬಾಕಿಯಿತ್ತು.”

ದೊರೆಯ ಮುಂದೆ ನಿಂತು ಹೇಳಿದ: “ಮೊದಲನೆಯದು ನನ್ನ ನಿಲುವಂಗಿ, ಬುದ್ಧಿ. ಮಗು ಯೇಸುವನ್ನು ನೋಡಲು ಬಂದ ರಾಯನ ವೇಷದ್ದು. ಕಾಗೆಬಂಗಾರ ಅಂಟಿಸಿದ್ದು ನಾನೇ. ಎಡತೋಳಿನ ಹತ್ತಿರ ಉದುರಿದೆ.”

ದೊರೆಯ ಕೈ ಪಕ್ಕದ ಪೆಟ್ಟಿಗೆಯ ಮೇಲೆ ಹೋಯಿತು.

“ಎರಡನೆಯದು. ಆರು ದಿನ ಆಡುತ್ತೇವೆ. ಏಳನೆಯ ದಿನ ವೇಷದಲ್ಲೇ ಮನೆಮನೆಗೆ ಹೋಗಿ ಕಾಳು ಕೇಳುತ್ತೇವೆ. ಮೈಮೇಲೆ ವೇಷವಿದ್ದರೆ ಅದು ಕೂಲಿ, ಇಲ್ಲದಿದ್ದರೆ ಭಿಕ್ಷೆ. ನಾವು ಭಿಕ್ಷೆ ಬೇಡುವುದಿಲ್ಲ. ನನಗಿದ್ದದ್ದು ಅದೊಂದೇ ಅಂಗಿ. ಅದನ್ನು ಹೊದಿಸಿದ ಮೇಲೆ ಕೇಳದೆ ಊರು ಬಿಟ್ಟೆ.”

“ಆಮೇಲೆ ಏನು ತಿಂದೆ?”

“ಅದು ಒಗಟಿನಲ್ಲಿಲ್ಲ, ಬುದ್ಧಿ.”

ದೊರೆ ದನಿ ತಗ್ಗಿಸಿದ. “ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ. ಸಾಯುವಾಗ ನನ್ನ ಮಗಳು ಯಾರ ಕೈ ಹಿಡಿದಿದ್ದಳು?”

“ನಿಮ್ಮ ಕೈ.”

ಕಾವಲಿನವನು ಕತ್ತಿ ಹಿರಿದ. “ನಾನು ಅರಮನೆಯಲ್ಲಿದ್ದೆ!” ಎಂದು ದೊರೆ ಕಿರುಚಿದ.

“ಗೊತ್ತು. ಹೊತ್ತು ಮುಳುಗುವುದರೊಳಗೆ ವೇಷ ಇಳಿಸಬೇಕು, ಅದು ನಮ್ಮ ಕಟ್ಟು. ಬಣ್ಣ ತೊಳೆಯಲು ಹೊರಟವನಿಗೆ ಹುಲ್ಲಿನ ಮೇಲೆ ನಡುಗುತ್ತಿದ್ದ ನಿಮ್ಮ ಮಗಳು ಕಂಡರು. ಜ್ವರದ ಕಣ್ಣಿಗೆ ನನ್ನ ಕಿರೀಟ, ಮೀಸೆ ಕಂಡವು. ‘ಅಪ್ಪಾ, ಬಂದ್ಯಾ?’ ಅಂದರು. ಅಲ್ಲ ಅನ್ನಲು ನಾಲಿಗೆ ಏಳಲಿಲ್ಲ. ‘ಬಂದೆ ಮಗಳೇ’ ಅಂದೆ. ‘ಬಾಗಿಲು ತೆಗೆಸಿದ್ಯಾ?’ ಅಂದರು. ‘ತೆಗೆಸಿದೆ’ ಅಂದೆ. ಕೈ ಹಿಡಿದುಕೊಂಡರು. ಅಂಗಿ ಬಿಚ್ಚಿದರೆ ನಾನು ಅಪ್ಪನಲ್ಲ ಎಂದು ತಿಳಿದುಬಿಡುತ್ತಿತ್ತು. ಅಂಗಿಯ ತುದಿಯನ್ನಷ್ಟೇ ಅವರ ಮೇಲೆ ಎಳೆದು ಕೂತೆ. ಹೊತ್ತು ಮುಳುಗಿತು. ಪೂರ್ತಿ ಬಿಚ್ಚಿ ಹೊದಿಸಿದ್ದು ಆ ಕೈ ತಣ್ಣಗಾದ ಮೇಲೆ.” ಸವರಿ ತಲೆ ತಗ್ಗಿಸಿದ. “ದೊರೆಯ ಮಗಳನ್ನು ಮಗಳೇ ಅಂದವನನ್ನು ಕೊಲ್ಲುತ್ತೀರೆಂದು ಹೆದರಿ ಬಾಯಿ ಬಿಡಲಿಲ್ಲ. ನನ್ನ ಹೆದರಿಕೆಗೆ ಇಬ್ಬರು ಹೋದರು.”

ದೊರೆ ಕೈಸನ್ನೆ ಮಾಡಿ ಕತ್ತಿಯನ್ನು ಒರೆಗೆ ಹಾಕಿಸಿದ. “ಕೇಳು, ಏನು ಬೇಕು?” ಎಂದ.

“ತಿಪ್ಪೇಶನನ್ನು ಬಿಡಿ.”

“ಬಿಟ್ಟೆ. ನಿನಗೇನು ಬೇಕು?”

“ನನ್ನ ಅಂಗಿ. ಅದಿಲ್ಲದೆ ನನಗೆ ಕಸುಬಿಲ್ಲ.”

ದೊರೆ ಪೆಟ್ಟಿಗೆ ತೆರೆದು ಅಂಗಿ ಚಾಚಿದ. ಸವರಿ ಒಂದು ತುದಿ ಹಿಡಿದ. ಇನ್ನೊಂದು ತುದಿ ಹಿಡಿದ ದೊರೆಯ ಬೆರಳು ಸಡಿಲವಾಗಲಿಲ್ಲ. ಮಗಳ ಮೈ ಕೊನೆಗೆ ತಾಕಿದ್ದು ಆ ಬಟ್ಟೆಗೆ. ಸವರಿ ನೋಡಿದ. ತನ್ನ ತುದಿಯನ್ನು ತಾನೇ ಬಿಟ್ಟ.

“ಇರಲಿ ಬುದ್ಧಿ. ನಿಮಗೇ ಚಳಿ ಜಾಸ್ತಿ.”

ಕೊಡಬಾರದಿತ್ತು ಎಂದು ಇಗರ್ಜಿ ಬೀದಿಯವರು ಆಮೇಲೂ ಜಗಳವಾಡಿದರು. ಬಾಗಿಲು ಹಾಕಿದವನಿಗೆ ಹೊದಿಕೆ ಯಾಕೆ? ನ್ಯಾಯವಾದ ಜಗಳವೇ ಅದು.

ಮರುದಿನ ಹಬ್ಬ. ಗಂಗವ್ವ ಮೊರದ ತುಂಬ ರಾಗಿ ತಂದಳು.

“ವೇಷವಿಲ್ಲದೆ ತಗೊಳ್ಳಲ್ಲ, ಅವ್ವಾ.”

“ಸುಮ್ನಿರು ಮೂಢ!” ಎಂದು ಗಂಗವ್ವ ಗೋದಲಿಯಿಂದ ಹಿಡಿ ಹುಲ್ಲು ಕಿತ್ತು, ಸುತ್ತಿ, ಅವನ ತಲೆಯ ಮೇಲಿಟ್ಟಳು. “ಈಗ ರಾಯನಾದೆ. ಹೋದ ವರ್ಷದ ಕೂಲಿ ಇದು. ಒಡ್ಡು ಮಡಿಲು.”

ಹಿಂದೆ ತಿಪ್ಪೇಶ ನಿಂತಿದ್ದ, ಅವನ ಹಿಂದೆ ಬೀದಿಯೇ ಮೊರ ಹಿಡಿದು ನಿಂತಿತ್ತು. ಸವರಿ ಮಡಿಲೊಡ್ಡಿದ.

ಬಾಣಗಿರಿಯ ಅರಮನೆಯ ಬಾಗಿಲನ್ನು ಅಂದಿನಿಂದ ಯಾರೂ ಮುಚ್ಚಲಿಲ್ಲ. ಬರಬೇಕಾದವಳು ಬಂದು, ತಟ್ಟಿ, ಹೋಗಿ ವರ್ಷವಾಗಿತ್ತು.